ಮೂರನೇ ಸೂಜಿಗೆ ಮೊದಲು

ಗುರುವಾರ ಆಗಿರಲಿಕ್ಕಿಲ್ಲ. ಗುರುವಾರ ಕೂಸುಗಳಿಗೆ ಲಸಿಕೆ ಹಾಕುವ ದಿನ. ಅವತ್ತು ನಾವು ಬೇರೆ ಕೆಲಸ ಇಟ್ಟುಕೊಳ್ಳುತ್ತಿರಲಿಲ್ಲ. ಆದರೂ ನನ್ನ ತಲೆಯೊಳಗೆ ಅದು ಗುರುವಾರವಾಗಿಯೇ ಕೂತುಬಿಟ್ಟಿದೆ. ಅಸೂಟಿ ಎಂಬ ಊರಿನ ಶಾಲೆಯ ಒಂದು ಕೋಣೆ, ಮಕ್ಕಳು ಕೂರುವ ಗಿಡ್ಡ ಬೆಂಚು, ಬೆಂಚಿನ ಮೇಲೆ ಲಸಿಕೆಯ ಐಸ್ ಡಬ್ಬಿ, ಕಿಟಕಿಯಾಚೆ ಹೂಬಿಟ್ಟ ಕುಸುಬೆಯ ಹೊಲ. ಈ ಕುಸುಬೆಯ ಬಗ್ಗೆಯೂ ನನಗೆ ಅನುಮಾನವಿದೆ. ಆ ಕಿಟಕಿಯಾಚೆ ಇದ್ದದ್ದು ಬರೀ ಗೋಡೆ ಎಂದು ನೀಲಮ್ಮ ಹೇಳುತ್ತಾರೆ. ನೀಲಮ್ಮ ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸ್. ಅವರ ನೆನಪು ನನ್ನದಕ್ಕಿಂತ ಗಟ್ಟಿ. ಹಾಗಂತ ನನ್ನ ಕುಸುಬೆಯನ್ನು ಅವರ ಗೋಡೆಗೆ ಬಿಟ್ಟುಕೊಡಲು ಮನಸ್ಸಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ತರಬೇತಿಗೆಂದು ನರಗುಂದದಿಂದ ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ರೋಣದಲ್ಲಿ ಇಬ್ಬರು ಹೆಣ್ಣುಮಕ್ಕಳು ಹಸಿ ಕಡಲೆಯ ಸೂಡುಗಳನ್ನು ಹೊತ್ತುಕೊಂಡು ಹತ್ತಿದರು. ಬಸ್ಸಿನ ತುಂಬ ಆ ಹುಳಿ ವಾಸನೆ ಹರಡಿತು. ಇಬ್ಬನಿ ಇನ್ನೂ ಆರಿರದ ಕಡಲೆ ಗಿಡಕ್ಕೆ ಮಾತ್ರ ಇರುವ, ಮೂಗಿಗಿಂತ ಮೊದಲು ನಾಲಗೆಗೆ ತಾಗುವ ವಾಸನೆ. ಕೊರೊನಾ ಲಸಿಕೆಯ ಮೂರನೇ ಡೋಸಿನ ಜನವರಿಯಲ್ಲಿ ನನ್ನ ಎರಡೂ ಕೈ ಇದೇ ವಾಸನೆ ಹೊಡೆಯುತ್ತಿದ್ದವು, ಸ್ಪಿರಿಟ್ಟಿನ ಜೊತೆ ಬೆರೆತು. ಸೂಜಿ ಹಾಕಿಸಿಕೊಳ್ಳಲು ಬಂದವರೂ ಹಸಿ ಕಡಲೆ ಕೊಡುತ್ತಿದ್ದರು, ಹಾಕಿಸಿಕೊಳ್ಳದೆ ಹೋದವರೂ ಕೊಡುತ್ತಿದ್ದರು. ಹಾಕಿಸಿಕೊಳ್ಳದವರು ಒಂದು ಹಿಡಿ ಜಾಸ್ತಿ ಕೊಡುತ್ತಿದ್ದರು. ನಮ್ಮನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಅವರ ಮರ್ಯಾದೆ.

ಆ ಕಾಲವನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಎರಡನ್ನೂ ಬೇರೆ ಮಾಡಿ ಇಡಲು ನೋಡಿದೆ, ಆಗಲಿಲ್ಲ.

ಆಗ ನಾನು ರೋಣ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ. ಎರಡನೇ ಅಲೆ ಮುಗಿದು ಮೂರನೆಯದು ಶುರುವಾಗಿತ್ತು. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯೋ ಬಿಪಿಯೋ ಇರುವವರಿಗೆ, ಎರಡನೇ ಡೋಸ್ ಆಗಿ ಒಂಬತ್ತು ತಿಂಗಳಾಗಿದ್ದರೆ, ಇನ್ನೊಂದು ಡೋಸ್ ಹಾಕಬೇಕೆಂದು ಆದೇಶ ಬಂತು. ಕಾಗದದ ಮೇಲೆ ಅದರ ಹೆಸರು ಮುನ್ನೆಚ್ಚರಿಕೆ ಡೋಸ್. ಊರವರ ಬಾಯಲ್ಲಿ ಬರೀ ‘ಮೂರನೇದು’. ಮೊದಲು ನಮಗೆ, ಅಂದರೆ ದವಾಖಾನೆಯವರಿಗೆ ಹಾಕಿದರು. ನೀಲಮ್ಮ ತೋಳು ಒತ್ತಿಕೊಳ್ಳುತ್ತ, “ಬಾಯಾರ, ನಾವು ಹಾಕ್ಕೊಂಡಿದ್ದು ಯಾರಿಗೂ ದೊಡ್ಡ ಮಾತಲ್ಲ ಬಿಡ್ರಿ. ಅಂಗಡಿಯಾಂವ ತನ್ನ ಅಂಗಡಿ ಬೆಲ್ಲಾ ತಿಂದು ತೋರಿಸಿದಂಗ,” ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಮೊದಲ ಸಲ ಅಸೂಟಿಗೆ ಹೋದಾಗ ಮೂವರು ಬಂದರು. ಒಂದು ಶೀಶೆ ತೆರೆದರೆ ಹತ್ತು ಜನರಿಗಾಗುತ್ತದೆ. ತೆರೆದ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ವ್ಯರ್ಥ. ಹೀಗಾಗಿ ಮೂವರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡು ಉಳಿದ ಏಳು ಜನರ ದಾರಿ ಕಾಯುತ್ತ ಕೂತೆವು. ಆ ಮೂವರಲ್ಲಿ ಒಬ್ಬರು ಶಿವಪ್ಪಜ್ಜ. ಸೂಜಿಗಿಂತ ಮಾತಿಗೇ ಬಂದವರು.

“ಡಾಕ್ಟರಬಾಯಾರ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎರಡು ಸಲಾ ಬಿತ್ತಿದ ಹೊಲಾ ಮೂರನೇ ಸಲಾ ಬಿತ್ತಬೇಕಾತಂದ್ರ ಬೀಜಾ ಸುಳ್ಳು ಅಂದಂಗ ಅಲ್ಲೇನ್ರಿ?”

“ಇದು ಬಿತ್ತೂದಲ್ಲಜ್ಜಾ, ಎಡಿ ಹೊಡಿಯೂದು. ಎಡಿ ಒಮ್ಮೆ ಹೊಡದು ಬಿಡ್ತೀರೇನು? ಕಸಾ ಮತ್ತ ಬರ್ತದಿಲ್ಲೋ?”

ಅಜ್ಜ ತಲೆಯಾಡಿಸಿದರು. “ಹಂಗಾರ ನಾಕನೇದೂ ಐತಿ ಅನ್ರಿ.”

ನಾಲ್ಕನೆಯದು ಬೇಕಾಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ದೇಹ ಒಮ್ಮೆ ಕಲಿತದ್ದನ್ನು ನಿಧಾನಕ್ಕೆ ಮಂಕಾಗಿಸುತ್ತದೆ, ವಯಸ್ಸಾದವರಲ್ಲಿ ಇನ್ನೂ ಬೇಗ, ಮತ್ತೊಮ್ಮೆ ನೆನಪಿಸಿದರೆ ಚುರುಕಾಗುತ್ತದೆ ಎಂಬಷ್ಟು ಗೊತ್ತಿತ್ತು. ಹೊಸ ರೂಪದ ರೋಗ ಬಂದವರಲ್ಲಿ ಎಲ್ಲರೂ ಸಾಯುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಸಾಯುವವರು ಯಾರು ಎಂಬುದು ಇನ್ನೂ ಚೆನ್ನಾಗಿ ಗೊತ್ತಿತ್ತು. ನನ್ನ ಪಟ್ಟಿಯಲ್ಲಿದ್ದವರೇ ಅವರು. ಸಕ್ಕರೆ ಇದ್ದ ಅಜ್ಜಿಯರು, ಎದೆ ಹಿಡಿದುಕೊಂಡು ಕೂರುವ ಅಜ್ಜಂದಿರು. ಈ ಡೋಸಿನಿಂದ ಎಷ್ಟು ತಿಂಗಳ ಕಾವಲು ಸಿಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೂ ಮೂವರೇ. ಶೀಶೆ ತೆರೆಯದೆ ಡಬ್ಬಿ ಮುಚ್ಚಿದೆವು. ಶಿವಪ್ಪಜ್ಜ ಎದ್ದು ಹೋಗುವಾಗ ಕಡಲೆ ಕೊಟ್ಟರು. ಎರಡನೇ ಸಲ ಐವರು ಬಂದರು. ಅಥವಾ ನಾಲ್ವರು. ಕಡಲೆಯಂತೂ ಬಂತು.

ಸುಗ್ಗಿ ಹತ್ತಿರ ಬಂದಿದೆ, ಅದಕ್ಕೇ ಬರುತ್ತಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ತೋಳು ನೋಯುತ್ತದೆ, ಎರಡು ದಿನ ಗಿಡ ಕೀಳಲಾಗುವುದಿಲ್ಲ ಎಂಬ ಕಾರಣ ಸರಿಯಾಗಿ ಹೊಂದುತ್ತಿತ್ತು. ವಾಪಸು ಬರುವಾಗ, ಬೈಕಿನ ಹಿಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನೀಲಮ್ಮ ಬೈಕು ನಿಲ್ಲಿಸಲು ಹೇಳಿದರು. ಬೈಕು ಹೊಡೆಯುತ್ತಿದ್ದವಳು ನಾನು.

“ಬಾಯಾರ, ನಿಮಗ ಯಾರೂ ಹೇಳೂದಿಲ್ಲ. ನಾ ಹೇಳ್ತೇನಿ. ಖಾತೂನಬಿ ಗಂಡ ಎರಡನೇದು ಹಾಕ್ಕೊಂಡು ಹನ್ನೊಂದ ದಿನಕ್ಕ ಹೋದ್ರಲ್ಲ.”

“ರಾಜೇಸಾಬ್ರು.”

“ಹೂಂರಿ. ಮೂರನೇದು ಅಂದಕೂಡ್ಲೆ ಮಂದಿ ಆಕಿ ಮಾರಿ ನೋಡ್ತಾರ. ಆಕಿ ಹೌದು ಅನ್ನೂದಿಲ್ಲ, ಅಲ್ಲ ಅನ್ನೂದಿಲ್ಲ. ಸುಮ್ಮ ಬಳಿ ಹಾಕಿ ಮುಂದಿನ ಮನಿಗೆ ಹೊಕ್ಕಾಳ. ಊರಿಗೆ ಅಷ್ಟ ಸಾಕಾಗೇತಿ.”

ಖಾತೂನಬಿ ಆ ಭಾಗದ ಬಳೆಗಾರ್ತಿ. ದಾರಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಅಸೂಟಿಯ ಮನೆಮನೆಗೆ, ಸುತ್ತಲಿನ ಊರುಗಳಿಗೆ ತಿರುಗುತ್ತಿದ್ದರು. ಇಟಗಿ ಭೀಮವ್ವನ ಗುಡಿಗೆ ನಡೆದು ಹೋಗುವ ಹೆಣ್ಣುಮಕ್ಕಳು ಹೊರಡುವ ಮುಂಚೆ ಅವರ ಕೈಯಿಂದ ಹಸಿರು ಬಳೆ ಹಾಕಿಸಿಕೊಳ್ಳಬೇಕು. ಅವರು ಹಿಡಿಯದ ಕೈ ಆ ಊರಲ್ಲಿ ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು; ನನ್ನ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಗಂಡ ರಾಜೇಸಾಬರು ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದವರು. ಜೀವನವಿಡೀ ಹತ್ತಿಯ ಧೂಳು ಕುಡಿದ ಎದೆ.

ನೀಲಮ್ಮ ಹೇಳಿದ್ದು ನನಗೆ ಹೊಸ ಸುದ್ದಿಯಾಗಿತ್ತು ಎಂದು ಬರೆದರೆ ಓದುವವರಿಗೂ ಸರಾಗ, ನನಗೂ ಸರಾಗ. ಆದರೆ ಹಾಗಿರಲಿಲ್ಲ. ರಾಜೇಸಾಬರು ತೀರಿಕೊಂಡದ್ದು ನನಗೆ ಅದೇ ವಾರ ಗೊತ್ತಾಗಿತ್ತು. ಲಸಿಕೆ ಹಾಕಿದ ಕೆಲವೇ ದಿನಗಳಲ್ಲಿ ಯಾರಾದರೂ ಸತ್ತರೆ, ಕಾರಣ ಏನೇ ಇರಲಿ, ಒಂದು ಫಾರಂ ತುಂಬಿ ಮೇಲಕ್ಕೆ ತಿಳಿಸಬೇಕು. ಅದು ಲಸಿಕೆಯಿಂದ ಆಯಿತೆಂದು ಒಪ್ಪಿಕೊಂಡಂತಲ್ಲ. ಹೀಗಾಗಿದೆ, ನೋಡಿರಿ ಎಂದು ಹೇಳುವುದು ಅಷ್ಟೇ. ನಾನು ಆ ಫಾರಂ ತುಂಬಿರಲಿಲ್ಲ. ಅದು ಎರಡನೇ ಅಲೆಯ ನಡು. ದಿನಕ್ಕೆ ಎಷ್ಟು ಮನೆಗೆ ಹೋಗುತ್ತಿದ್ದೆ, ಎಲ್ಲಿ ಉಣ್ಣುತ್ತಿದ್ದೆ ಎಂಬುದೇ ಈಗ ನೆನಪಿಲ್ಲ. ಊರಿನಲ್ಲೆಲ್ಲ ಜ್ವರ, ಇವರದೂ ಅದೇ ಇರಬೇಕು ಎಂದುಕೊಂಡೆ. ಫಾರಂ ಕಳಿಸಿದರೆ ಸುದ್ದಿ ಹಬ್ಬಿ ಉಳಿದವರು ಎರಡನೇ ಡೋಸಿಗೇ ಬರಲಿಕ್ಕಿಲ್ಲ ಎಂದೂ ಅಂದುಕೊಂಡಿದ್ದೆ. ಎರಡರಲ್ಲಿ ಯಾವುದು ಮೊದಲು ಅಂದುಕೊಂಡೆ? ನನ್ನ ಕೈ ತಡೆದದ್ದು ದಣಿವೋ, ಲೆಕ್ಕಾಚಾರವೋ? ಒಂಬತ್ತು ತಿಂಗಳು ಕಳೆದ ಮೇಲೆ ದಣಿವೇ ಕಾರಣವಾಗಿ ಕಾಣತೊಡಗಿತ್ತು. ಅದು ನನಗೆ ಅನುಕೂಲದ ಕಾರಣ, ಅದಕ್ಕೇ ನಾನು ಅದನ್ನು ನಂಬುವುದಿಲ್ಲ.

ಮರುದಿನ ಬೆಳಗ್ಗೆ ಅವರ ಮನೆಗೆ ಹೋದೆವು. ಖಾತೂನಬಿ ಬಾಗಿಲಲ್ಲೇ ಕೂತು ಬಳೆಗಳನ್ನು ಅಳತೆಯ ಪ್ರಕಾರ ದಾರಕ್ಕೆ ಪೋಣಿಸುತ್ತಿದ್ದರು. ಅವರ ಸ್ವಂತ ಮಣಿಕಟ್ಟುಗಳು ಬರಿದು. ನನ್ನವೂ ಬರಿದು, ಕೆಲಸದ ಕಾರಣಕ್ಕೆ. ಅವರು ಮೊದಲು ಅದನ್ನೇ ನೋಡಿದರು.

“ಡಾಕ್ಟರಬಾಯಾರು ಬರೇ ಕೈಲೆ ಬಂದಾರ. ಕೂಡ್ರಿ, ಎರಡೆರಡು ಹಾಕ್ತೇನಿ.”

“ಬ್ಯಾಡ್ರಿ ಖಾತೂನವ್ವ. ಕೈ ತೊಳೀತಿರತೇವಿ ನೋಡ್ರಿ, ನಿಲ್ಲೂದಿಲ್ಲ.”

“ಗೊತ್ತೈತಿ. ಸುಮ್ಮ ಅಂದೆ.” ನೀಲಮ್ಮನ ಕಡೆ ತಿರುಗಿ, “ಈಕಿಗೆ ಹಾಕಿದ್ದು ಒಂದೂ ಉಳಿದಿಲ್ಲ. ಗಂಡನ ಮ್ಯಾಲ ಸಿಟ್ಟ ಬಂದ್ರ ಗ್ವಾಡಿಗೆ ಬಡಿತಾಳ,” ಎಂದರು.

“ನಮ್ಮನ್ಯಾವ್ರ ತಲಿಗೆ ಬಡದ್ರ ಬಳಿ ಉಳೀತಾವೇನ್ರಿ? ಗ್ವಾಡಿನ ಮೆತ್ತಗ,” ಎಂದರು ನೀಲಮ್ಮ.

ಮೂವರೂ ನಕ್ಕೆವು. ಅಲ್ಲಿಂದ ಮೂರನೇ ಡೋಸಿನ ಮಾತಿಗೆ ನಾನು ಹೇಗೆ ಬಂದೆನೋ ನೆನಪಿಲ್ಲ. ನಿಮಗೆ ಸಕ್ಕರೆ ಇದೆ, ನೀವು ದಿನಾ ನೂರು ಕೈ ಹಿಡಿಯುತ್ತೀರಿ, ನಿಮಗೆ ಬಂದರೆ ಎಲ್ಲರಿಗಿಂತ ಕಷ್ಟ ಎಂದೆಲ್ಲ ಹೇಳಿರಬೇಕು. ಅವರು ದಾರದಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು.

“ಒಂದು ಮಾತು ಕೇಳ್ತೇನಿ ಬಾಯಾರ. ನಾ ಬಳಿ ಹಾಕೂವಾಗ ಒಡದ್ರ ಅದು ನಂದು. ಕೈ ದಪ್ಪೈತಿ, ನೀ ಅಳಗ್ಯಾಡಿದಿ ಅಂತ ಯಾರ ಮ್ಯಾಲೂ ಹಾಕೂದಿಲ್ಲ. ಹಾಕಿ ನಾ ಕೈ ಬಿಟ್ಟ ಮ್ಯಾಲ ಒಡದ್ರ ಅದು ಅವರದು. ನಮ್ಮತ್ತಿ ಕಾಲದಿಂದ ಹಿಂಗ ನಡದೈತಿ, ಒಮ್ಮೆನೂ ಜಗಳ ಆಗಿಲ್ಲ.” ಈಗ ತಲೆ ಎತ್ತಿದರು. “ನಮ್ಮ ಮನ್ಯಾರು ಯಾವ ಕಡೆ ಆದ್ರರಿ? ನೀವು ಕೈ ಹಿಡದಾಗನ ಒಡದ್ರೋ, ಬಿಟ್ಟ ಮ್ಯಾಲೋ?”

ನಾನು ಏಳೆಂಟು ವರ್ಷ ಓದಿದವಳು. ಹೃದಯ, ಶ್ವಾಸಕೋಶ, ಹತ್ತಿಯ ಧೂಳು, ಅಂದಿನ ಅಲೆ ಎಲ್ಲವನ್ನೂ ಜೋಡಿಸಿ ಒಂದು ಉತ್ತರ ಕೊಡಬಹುದಿತ್ತು. ಜೋಡಿಸಿಯೂ ಇಟ್ಟುಕೊಂಡಿದ್ದೆ.

“ನನಗ ಗೊತ್ತಿಲ್ರಿ,” ಎಂದೆ.

ಇಲ್ಲಿ ನಾನು ನಿಲ್ಲಬೇಕು. ನೀಲಮ್ಮನಿಗೆ ಮೊನ್ನೆ ಫೋನು ಮಾಡಿ ಕೇಳಿದಾಗ ಅವರು ಹೇಳಿದ್ದು ಬೇರೆ. ನಾನು ಮೊದಲು ಗೊತ್ತಿಲ್ಲ ಎನ್ನಲಿಲ್ಲವಂತೆ. “ನೀವು ಇಂಗ್ಲಿಷ್ ಮಾತು ಸೇರಿಸಿ ಭಾಳ ಹೊತ್ತು ಹೇಳಿದ್ರಿ ಬಾಯಾರ. ಆಕಿ ಮುಗಿಯೂತನಕಾ ಕಾದ್ಲು. ಆಮ್ಯಾಲ ‘ಅಂದ್ರ ಗೊತ್ತಿಲ್ಲ’ ಅಂದ್ಲು. ನೀವು ‘ಹೌದು’ ಅಂದ್ರಿ.” ನೀಲಮ್ಮನದೇ ಖರೆ ಇರಬೇಕು. ಅದರಲ್ಲಿ ನಾನು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಮುಂದಿನದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಖಾತೂನಬಿ ಕೇಳಿದರು: “ಗೊತ್ತಿಲ್ಲ ಅಂತ ಎಲ್ಲೆರ ಬರದೀರೇನು?”

“ಇಲ್ಲ.”

“ಯಾಕ?”

ಹೇಳಿದೆ. ಫಾರಂ ಇರುವುದನ್ನೂ, ಅದನ್ನು ತುಂಬದೆ ಬಿಟ್ಟದ್ದನ್ನೂ. ಖಾತೂನಬಿ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಪೋಣಿಸುತ್ತಿದ್ದ ದಾರಕ್ಕೆ ಗಂಟು ಹಾಕಿ ಪಕ್ಕಕ್ಕಿಟ್ಟರು.

“ಹಂಗಾರ ಮೊದಲ ಅದನ್ನ ಬರೀರಿ. ಆಮ್ಯಾಲ ನನ್ನ ತೋಳ ಕೇಳ್ರಿ.”

ಫಾರಂ ತರಲು ನೀಲಮ್ಮ ವಾಪಸು ಹೋದರು. ಬೈಕು ಹೊಡೆಯಲು ಬಾರದ ಅವರು ಯಾರದೋ ಬೈಕಿನ ಹಿಂದೆ ಕೂತು ಹೋಗಿ, ಒಂದು ತಾಸಿನಲ್ಲಿ ಫಾರಂ ಜೊತೆಗೆ ಕಾರ್ಬನ್ ಹಾಳೆಯನ್ನೂ ತಂದರು. ಕಾರ್ಬನ್ ತರಲು ನಾನು ಹೇಳಿರಲಿಲ್ಲ. ಖಾತೂನಬಿಗೆ ಒಂದು ಪ್ರತಿ ಬೇಕಾಗುತ್ತದೆ ಎಂದು ಅವರಿಗೇ ಹೊಳೆದಿತ್ತು. ನಾನು ಕೆಲಸ ಮಾಡಿದ ಎಲ್ಲ ಕಡೆ ನನಗಿಂತ ದೊಡ್ಡ ಹುದ್ದೆಯವರನ್ನು ಬಹಳ ನೋಡಿದ್ದೇನೆ. ಆ ಕಾರ್ಬನ್ ಹಾಳೆಯ ಬುದ್ಧಿ ಅವರಲ್ಲಿ ಕಂಡದ್ದು ಕಡಿಮೆ.

ನೆಲದ ಮೇಲೆ ಕೂತು ಬರೆದೆವು. ನಾನು ಕೇಳುವುದು, ಅವರು ಹೇಳುವುದು. ಜ್ವರ ಯಾವಾಗ ಬಂತು? ಸೂಜಿಯ ಮರುದಿನ. ಎಷ್ಟು ದಿನ ಇತ್ತು? ಎರಡು ದಿನ ಎಂದು ನಾನು ಬರೆಯಹೊರಟೆ, ಎಲ್ಲರಿಗೂ ಎರಡು ದಿನವಾದ್ದರಿಂದ.

“ಎರಡಲ್ರಿ, ನಾಕು. ಐದನೇ ದಿನಾ ಎದ್ದು ಚಾ ಕುಡದ್ರು. ಆ ದಿನಾ ಒಂದು ಗಾದಿ ಅರ್ಧಾ ಹೊಲದ್ರು.”

“ಮುಂದ?”

“ಎಂಟನೇ ದಿನಾ ದಮ್ಮು ಹತ್ತಾಕ ಶುರುವಾತು. ಮೊದಲಿಂದನೂ ಹತ್ತತಿತ್ತು, ಹತ್ತಿ ಕೆಲಸಾ ನೋಡ್ರಿ. ಅದಕ್ಕ ನಾವು ಲಗೂ ಎಚ್ಚರಾಗಲಿಲ್ಲ.” ಬಳೆಯ ದಾರವನ್ನು ಇನ್ನಷ್ಟು ಆಚೆ ಸರಿಸಿದರು. “ಇನ್ನೊಂದು ಐತಿ. ಸೂಜಿ ಹಾಕಿಸ್ಕೊಳ್ಳೂಕ್ಕಿಂತ ಹಿಂದಿನ ವಾರ ಗಜೇಂದ್ರಗಡಕ್ಕ ಹೋಗಿದ್ರು, ತಂಗಿ ಮನಿಗೆ. ಅಲ್ಲಿ ಮನಿಮಂದಿಗೆಲ್ಲಾ ಜ್ವರಾ ಇತ್ತು. ಅದನ್ನೂ ಬರೀರಿ.”

ನನ್ನ ಪೆನ್ನು ನಿಂತಿತು. ಅದನ್ನು ಅವರು ಹೇಳಬೇಕಾಗಿರಲಿಲ್ಲ. ಊರೆಲ್ಲ ಅವರ ಮುಖ ನೋಡುತ್ತಿದ್ದಾಗ ಒಂಬತ್ತು ತಿಂಗಳು ಯಾರಿಗೂ ಹೇಳದ ಮಾತು. ಸಾವು ಸೂಜಿಯಿಂದಲ್ಲ, ಆ ಜ್ವರದಿಂದ ಎನ್ನಬಹುದಾದ, ನನ್ನ ಪರವಾದ ಸಾಕ್ಷಿ ಅದು. ಅದನ್ನು ಅವರೇ ನನ್ನ ಕೈಗೆ ಕೊಡುತ್ತಿದ್ದರು.

“ಬರೀರಿ,” ಎಂದರು ಮತ್ತೆ. “ಹೌದಿದ್ದದ್ದು ಹೌದು.”

ತಡ ಯಾಕಾಯಿತು ಎಂಬ ಜಾಗದಲ್ಲಿ ನಾನು ‘ನನ್ನಿಂದ ತಡವಾಗಿದೆ’ ಎಂದು ಬರೆದು ಸಹಿ ಮಾಡಿದೆ. ಮೇಲಿನ ಕಚೇರಿಯಲ್ಲಿ ಅದನ್ನು ತೆಗೆದುಕೊಂಡವರು ಎರಡು ಸಲ ಓದಿ, “ಮೇಡಂ, ಈ ಸಾಲು ಬೇಕೇನ್ರಿ? ನಾಳೆ ನಿಮಗ ಕೇಳ್ತಾರ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಬೇಕು ಎಂದೆ. ಮುಂದೆ ಕೇಳಿದರು, ನೋಟೀಸು ಬಂತು, ಉತ್ತರ ಕೊಟ್ಟೆ. ಅದು ಇಲ್ಲಿ ಮುಖ್ಯವಲ್ಲ.

ಮೂರನೇ ಸಲ ಅಸೂಟಿಗೆ ಹೋದದ್ದೇ ನನ್ನ ತಲೆಯಲ್ಲಿ ಗುರುವಾರವಾಗಿರುವ ಆ ದಿನ. ಚಳಿ ಇತ್ತು. ನಾವು ಶಾಲೆಯ ಬಾಗಿಲು ತೆಗೆಯುವ ಮೊದಲೇ ಖಾತೂನಬಿ ಕಟ್ಟೆಯ ಮೇಲೆ ಕೂತಿದ್ದರು, ಹೆಗಲ ಮೇಲೆ ಪೂರ್ತಿ ಮಲಾರ. ಫಾರಮ್ಮಿನ ಕಾರ್ಬನ್ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿಟ್ಟುಕೊಂಡಿದ್ದರು. ಶಿವಪ್ಪಜ್ಜ ಮತ್ತು ಇನ್ನೊಂದಿಬ್ಬರು ಬಿಸಿಲು ಕಾಯಿಸುತ್ತ ನಿಂತಿದ್ದರು, ನೋಡುವುದಕ್ಕೆಂದೇ.

ಅವರು ಒಳಗೆ ಬಂದು ಎಡತೋಳಿನ ಸೆರಗು ಸರಿಸಿದರು. ಹತ್ತು ಜನರಿಗೆ ಕಾಯದೆ ಶೀಶೆ ತೆರೆದೆವು. ನನ್ನ ನೆನಪಿನಲ್ಲಿ ಸೂಜಿ ಹಾಕಿದವಳು ನಾನು. ‘ನೀವ ಹಾಕ್ರಿ’ ಎಂದು ಅವರು ನನಗೆ ಹೇಳಿದ್ದು, ಅವರ ತೋಳಿನ ಸುಕ್ಕು, ಹಳೆಯ ಎರಡು ಸೂಜಿಯ ಗುರುತಿರಬಹುದೆಂದು ನಾನು ಹುಚ್ಚಿಯಂತೆ ಹುಡುಕಿದ್ದು ಎಲ್ಲ ಇದೆ. ನೀಲಮ್ಮನ ನೆನಪಿನಲ್ಲಿ ಹಾಕಿದ್ದು ನೀಲಮ್ಮ. ಪ್ರಮಾಣಪತ್ರದಲ್ಲಿ ಅವರ ಹೆಸರೇ ಇದೆ. ಆದರೆ ಅದರಲ್ಲಿ ಯಾವಾಗಲೂ ಅವರ ಹೆಸರೇ ಬರುತ್ತಿತ್ತು, ಯಾರು ಹಾಕಿದರೂ. ಈ ಜಗಳ ಬಗೆಹರಿಯುವುದಿಲ್ಲ. “ಹೋಗ್ಲಿ ಬಿಡ್ರಿ ಬಾಯಾರ, ಅರ್ಧಾ ನೀವು ಹಾಕ್ರಿ, ಅರ್ಧಾ ನಾ ಹಾಕ್ತೇನಿ,” ಎಂದು ಫೋನಿನಲ್ಲಿ ನಕ್ಕರು.

ಖಾತೂನಬಿ ಅರ್ಧ ತಾಸು ಕೂತರು. ನಿಯಮವದು, ಹಾಕಿಸಿಕೊಂಡವರು ಅರ್ಧ ತಾಸು ಕೂರಬೇಕು. ಅರ್ಧ ತಾಸು ಮುಗಿದರೂ ಏಳಲಿಲ್ಲ. ಮಲಾರವನ್ನು ಬೆಂಚಿನ ಮೇಲೆ ಬಿಚ್ಚಿ ಹರಡಿದರು. ಬಾಗಿಲಲ್ಲಿ ಹಣಿಕಿಕ್ಕುತ್ತಿದ್ದ ಒಬ್ಬ ಹೆಂಗಸನ್ನು ಕರೆದರು.

“ಏ ಗೌರವ್ವ, ಬಾ ಇಲ್ಲೆ. ಬಲಗೈ ನನ್ನ ಕಡೆ ಕೊಡು. ಎಡಗೈ ಬಾಯಾರ ಕಡೆ.”

“ನಾ ಬಳಿಗೆ ಬಂದೇನ್ಬೇ, ಸೂಜಿಗಲ್ಲ.”

“ಯಾಡ್ಡಕ್ಕೂ ಕೈ ಸಡಲ ಬಿಡಬೇಕು. ನಿನಗ ಬಿಡಾಕ ಬರೂದಿಲ್ಲ, ಅದಕ್ಕ ಯಾಡ್ಡಕ್ಕೂ ಅಳ್ತಿ. ನಿನ್ನ ಸೊಸಿ ಏನಂತಾಳ? ಗೊಣಗತಾಳಂತಲ್ಲ?”

ಗೌರವ್ವ ಸೊಸೆಯ ಬಗ್ಗೆ ಶುರುಮಾಡಿದರು. ಖಾತೂನಬಿ ಬಲಗೈಯ ಬೆರಳುಗಳನ್ನು ಒಟ್ಟು ಸೇರಿಸಿ, ಹೆಬ್ಬೆರಳಿನ ಬುಡವನ್ನು ಮೆತ್ತಗೆ ಒತ್ತುತ್ತ ಒಂದೊಂದೇ ಬಳೆ ಏರಿಸಿದರು. ಸೊಸೆಯ ಮಾತು ಬಿಸಿಯಾದ ಹೊತ್ತಿಗೆ ಈ ಕಡೆ ಸೂಜಿ ಆಗಿಹೋಗಿತ್ತು.

“ಹಾಕಿದ್ರೇನು?” ಎಂದು ಗೌರವ್ವ ತೋಳು ನೋಡಿಕೊಂಡರು. “ನನ್ನ ಮಾತ ಮುಗದಿಲ್ಲ ಇನ್ನೂ.”

“ಮುಗಿಸ, ಅರ್ಧಾ ತಾಸು ಐತಿ,” ಎಂದರು ನೀಲಮ್ಮ.

ಹೊರಗಿನಿಂದ ಶಿವಪ್ಪಜ್ಜನ ದನಿ: “ಗಂಡಸರಿಗೆ ಏನ ಹಾಕ್ತಿ, ಖಾತೂನವ್ವ?”

“ಅಂಜಿ ಹೊರಗ ನಿಂತವರಿಗೂ ಬಳಿನ ಹಾಕ್ತೇನ್ರಿ. ನಿಮ್ಮ ಅಳತಿ ತಂದೇನಿ, ಬರ್ರಿ.”

ನಗೆಯ ನಡುವೆ ಶಿವಪ್ಪಜ್ಜ ಒಳಗೆ ಬಂದರು. ಬರುವಾಗಲೇ ಅಂಗಿಯ ತೋಳು ಏರಿಸಿಕೊಂಡಿದ್ದರು. ಅವರು ಬಂದ ಮೇಲೆ ಇನ್ನಷ್ಟು ಗಂಡಸರು ಬಂದರು. ಮಧ್ಯಾಹ್ನದೊಳಗೆ ಎರಡನೇ ಶೀಶೆ ತೆರೆದೆವು. ನೀಲಮ್ಮ ಆ ಶೀಶೆಯ ಮುಚ್ಚಳವನ್ನು ಒತ್ತಿ ತೆಗೆದಾಗ ಆದ ಟಕ್ ಎಂಬ ಸದ್ದಿಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಾಕ್ಟರಾಗಿ ನನಗೆ ಸಿಕ್ಕ ಸನ್ಮಾನಗಳಲ್ಲಿ ಶಾಲು ಹೊದಿಸಿದ್ದೂ ಇದೆ. ಆ ಟಕ್ ಸದ್ದಿನಷ್ಟು ದೊಡ್ಡದು ಇನ್ನೊಂದಿಲ್ಲ.

ಪಟ್ಟಿಯಲ್ಲಿದ್ದ ಅಜ್ಜಿಯರಲ್ಲಿ ಬಹಳ ಮಂದಿ ಗಂಡನನ್ನು ಕಳೆದುಕೊಂಡವರು. ಬಳೆ ಹಾಕಿಸಿಕೊಳ್ಳುವವರಲ್ಲ. ಅವರು ಬಂದು ಕೂತಾಗ ಏನಾಗುತ್ತದೋ ಎಂದು ನನಗೆ ಕಸಿವಿಸಿಯಾಗಿತ್ತು. ಖಾತೂನಬಿ ಮಲಾರವನ್ನು ಅತ್ತ ಸರಿಸಿ, ಆ ಬಲಗೈಗಳನ್ನೂ ಅದೇ ರೀತಿ ಹಿಡಿದುಕೊಂಡರು, ಬೆರಳು ಸೇರಿಸಿ, ಹೆಬ್ಬೆರಳಿನ ಬುಡ ಒತ್ತಿ, ಸೂಜಿ ಆಗುವ ತನಕ. ಎಷ್ಟೋ ವರ್ಷಗಳಿಂದ ಅವರು ಹಿಡಿದಿರದ ಕೈಗಳು ಅವು. ಒಬ್ಬ ಅಜ್ಜಿ ಸೂಜಿಯಾದ ಮೇಲೂ ಕೈ ವಾಪಸು ತೆಗೆದುಕೊಳ್ಳಲಿಲ್ಲ. ಅರ್ಧ ತಾಸೂ ಹಾಗೇ ಕೂತಿದ್ದರು. ಆ ಹೊತ್ತಿನಲ್ಲಿ ಕಿಟಕಿಯಾಚೆ ನನಗೆ ಕುಸುಬೆ ಕಂಡಿತೆಂದು ಹೇಳುತ್ತೇನೆ. ನೀಲಮ್ಮ ಗೋಡೆ ಎನ್ನಲಿ.

ಉಳಿದವರು ಮುಂದಿನ ವಾರಗಳಲ್ಲಿ ಬಂದರು. ಹಾಸಿಗೆ ಬಿಟ್ಟು ಏಳಲಾರದವರ ಮನೆಗೆ ನಾವೇ ಹೋದೆವು, ಖಾತೂನಬಿ ಮುಂದೆ, ಡಬ್ಬಿ ಹಿಂದೆ. ಎಲ್ಲರೂ ಹಾಕಿಸಿಕೊಂಡರು ಎಂದಲ್ಲ. ಆದರೆ ಬೇರೆ ಊರುಗಳಲ್ಲಿ ಕೆಲಸ ಮಾಡುತ್ತಿದ್ದವರು ಫೋನು ಮಾಡಿ, ಅಸೂಟಿಯಲ್ಲಿ ಏನು ಮಾಡಿದಿರಿ ಎಂದು ಕೇಳುವಷ್ಟು ಮಂದಿ ಹಾಕಿಸಿಕೊಂಡರು. ಏನು ಹೇಳಲಿ? ಒಂದು ಫಾರಂ ತುಂಬಿದೆವು ಎಂದೆ. ಆ ಕಡೆಯವರಿಗೆ ತಿಳಿಯಲಿಲ್ಲ. ವಿವರಿಸಬೇಕಾದರೆ ತಡವಾದದ್ದನ್ನೂ ಹೇಳಬೇಕಾಗುತ್ತಿತ್ತು. ಹೇಳಿದೆ. ಒಬ್ಬರು ಆಮೇಲೆ ತಮ್ಮ ಮೇಜಿನಲ್ಲಿದ್ದ ಅಂಥದೇ ಒಂದನ್ನು ಕಳಿಸಿದರೆಂದು ತಿಳಿಯಿತು.

ಮೂರನೇ ಅಲೆ ಇಳಿಯಿತು. ಬೇಸಿಗೆ ಹೋಗಿ ಹೆಸರುಕಾಳು ಬಿತ್ತುವ ಹೊತ್ತಿಗೆ ಮೇಲಿನಿಂದ ಉತ್ತರ ಬಂತು. ಅರ್ಧ ಹಾಳೆ. ಶವಪರೀಕ್ಷೆ ಆಗಿಲ್ಲ, ಗಂಟಲಿನ ಮಾದರಿ ತೆಗೆದಿಲ್ಲ, ದಾಖಲೆ ತಡವಾಗಿದೆ. ಲಭ್ಯ ಮಾಹಿತಿಯಿಂದ ಸಾವಿಗೂ ಲಸಿಕೆಗೂ ಸಂಬಂಧ ಇದೆ ಎಂದಾಗಲಿ ಇಲ್ಲ ಎಂದಾಗಲಿ ನಿರ್ಧರಿಸಲಾಗದು. ಅದನ್ನು ಒಯ್ದು ಖಾತೂನಬಿಗೆ ಓದಿ ಹೇಳಿದೆ. ಸರಕಾರಿ ಕನ್ನಡವನ್ನು ಬಿಡಿಸಿ ಬಿಡಿಸಿ ಹೇಳಬೇಕಾಯಿತು.

“ಅಂದ್ರ ಅವರಿಗೂ ಗೊತ್ತಾಗಲಿಲ್ಲ.”

“ಇಲ್ರಿ. ನಾ ಆಗ ಲಗೂ ಬರದಿದ್ರ ಗೊತ್ತಾಗತಿತ್ತೇನೋ.”

ಅವರು ಹಾಳೆ ಇಸಿದುಕೊಂಡರು, ಓದಲು ಬರದಿದ್ದರೂ ಮೇಲಿನಿಂದ ಕೆಳಗಿನ ತನಕ ನೋಡಿದರು. “ಇದರಾಗ ಅವರ ಹೆಸರೆಲ್ಲೈತಿ?” ಎಂದರು. ತೋರಿಸಿದೆ. ಅಲ್ಲಿ ಬೆರಳಿಟ್ಟರು. ಆಮೇಲೆ ಚಹಾಕ್ಕೆ ನೀರಿಡಲು ಎದ್ದರು. ಕ್ಷಮಿಸಿದೆ ಎಂದಾಗಲಿ ಇಲ್ಲವೆಂದಾಗಲಿ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಖಾತೂನಬಿ ಈಗಲೂ ಊರೂರು ತಿರುಗುತ್ತಾರೆ, ಆರೋಗ್ಯವಾಗಿದ್ದಾರೆ. ಆ ಮೂರನೇ ಸೂಜಿ ಅವರನ್ನು ಕಾಯಿತೋ, ಅದಿಲ್ಲದಿದ್ದರೂ ಅವರು ಹೀಗೇ ಇರುತ್ತಿದ್ದರೋ, ನಾನು ಹೇಳಲಾರೆ. ರಾಜೇಸಾಬರು ಯಾತರಿಂದ ತೀರಿಕೊಂಡರು ಎಂಬುದೂ ನನಗೆ ಗೊತ್ತಿಲ್ಲ. ಅದನ್ನು ತಿಳಿಯುವ ದಾರಿ ಈಗ ಉಳಿದಿಲ್ಲ.